ಓದಿ ಊದುವ ಮುನ್ನ

ಮಗ್ರಿಬ್ ನಮಾಝ್ ಮುಗಿಸಿ ಹೊರಬರುವಾಗ ಮಸೀದಿಯ ಮೆಟ್ಟಿಲ ಬಳಿ ಮಗುವನ್ನೆತ್ತಿಕೊಂಡು ನಿಂತವರು ಒಬ್ಬರಾದರೂ ಇರುತ್ತಾರೆ. "ಉಸ್ತಾದರೇ, ಮಗುವಿಗೆ ಜ್ವರ, ಸ್ವಲ್ಪ ಓದಿ ಊದಿ" ಎನ್ನುತ್ತಾರೆ. ಅದರಲ್ಲಿ ನನಗೆ ಆಕ್ಷೇಪವಿಲ್ಲ. ವಿಷಜಂತು ಕಚ್ಚಿದವನಿಗೆ ಸೂರಃ ಫಾತಿಹಾ ಓದಿ ಊದಿದ ಸಹಾಬಿಯನ್ನು ಪ್ರವಾದಿಯವರು(ಸ) ಸಮ್ಮತಿಸಿದ್ದಾರೆ.

ಕೆಲವು ವರ್ಷಗಳ ಹಿಂದೆ ಹಾಗೆಯೇ ಒಬ್ಬ ಅಜ್ಜ ಹತ್ತು ತಿಂಗಳ ಮೊಮ್ಮಗನನ್ನು ಕರೆತಂದಿದ್ದರು. ಮಗುವಿನ ತಂದೆ ಸೌದಿಯಲ್ಲಿದ್ದರು. ನಾನು ಓದಿ ಊದಿದೆ, ನೀರು ಕೊಟ್ಟೆ, ಗುಣವಾಗುತ್ತದೆ ಎಂದೆ. ಮಗುವಿನ ಎದೆಯತ್ತ ಕಣ್ಣು ಹಾಯಿಸಲೂ ಇಲ್ಲ. ಆ ಮನೆಯಲ್ಲಿ ನನ್ನ ಮಾತು ಫತ್ವಾದಂತಾಯಿತು. ತಾಯಿ ಆಸ್ಪತ್ರೆಯ ಮಾತೆತ್ತಿದಾಗ "ಉಸ್ತಾದರು ಹೇಳಿದ್ದಾರಲ್ಲ" ಎಂದರಂತೆ. ಆಮೇಲೆ, ಮಗನ ಫೋನ್ ಬರಲಿ, ಕೇಳೋಣ ಎಂದರಂತೆ. ಮರುದಿನ ರಾತ್ರಿ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಓಡಬೇಕಾಯಿತು. ನ್ಯುಮೋನಿಯಾ. ಹಲವು ದಿನ ಆಮ್ಲಜನಕದಲ್ಲಿದ್ದು ಮಗು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆ ತಾಯಿ ನನ್ನನ್ನು ದೂರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡುವವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಹದೀಸ್ ಇದೆ. ಪದವಿಯಿಲ್ಲದೆ ಚುಚ್ಚುಮದ್ದು ಕೊಡುವವರ ಬಗ್ಗೆ ಹೇಳುವಾಗ ಅದನ್ನು ಉಲ್ಲೇಖಿಸುತ್ತೇವೆ. ಆದರೆ ಪ್ರಾರ್ಥಿಸಲು ನನಗೆ ಹಕ್ಕಿತ್ತೇ ಹೊರತು, ರೋಗ ಗುಣವಾಗುತ್ತದೆಂದು ತೀರ್ಪು ಕೊಡಲು ಇರಲಿಲ್ಲ. ಆ ಹದೀಸ್ ನನಗೂ ಅನ್ವಯಿಸುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ನಮ್ಮಲ್ಲಿದೆ. ಮೂಗು ಸೋರಿದರೆ ನಗರದ ದೊಡ್ಡ ಆಸ್ಪತ್ರೆಗೆ ಓಡುವುದು, ಚಿನ್ನ ಅಡವಿಡುವುದು, ಡ್ರಿಪ್ ಹಾಕದ ಡಾಕ್ಟರು ಡಾಕ್ಟರೇ ಅಲ್ಲವೆನ್ನುವುದು. ಆಡುತ್ತ, ಹಾಲು ಕುಡಿಯುತ್ತಿರುವ ಮಗುವಿನ ನೆಗಡಿಗೆ ಮನೆಯ ಆರೈಕೆ ಸಾಕು. ಭೇದಿಯಾದಾಗ ಮಗು ಕುಡಿಯಬಲ್ಲದಾದರೆ ಓಆರ್‌ಎಸ್ ಮತ್ತು ಜಿಂಕ್ ಮಾತ್ರೆಯೇ ಮುಖ್ಯ ಮದ್ದು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಉಚಿತವಾಗಿ ಸಿಗುತ್ತದೆ.

ಉಸಿರಾಟದ ವಿಷಯ ಬೇರೆ. ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರೆಗೆ 40, ಅಥವಾ ಅದಕ್ಕಿಂತ ಹೆಚ್ಚಾದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇರುತ್ತಿದ್ದರೆ, ಮಗು ಏನನ್ನೂ ಕುಡಿಯದಿದ್ದರೆ, ಕುಡಿದುದನ್ನೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆಮಾಡಿ ಮಕ್ಕಳ ವೈದ್ಯರಿರುವ ಆಸ್ಪತ್ರೆಗೇ ಹೋಗಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೂ ಹಾಗೆಯೇ, ಬೆಳಗಾಗಲೆಂದು ಕಾಯುವಂತಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಲು ಕಲಿಸಿದವರು ನಮ್ಮ ಪ್ರವಾದಿ(ಸ).

ಗಲ್ಫ್‌ನಿಂದ ಫೋನ್ ಬರುವವರೆಗೂ ಕಾಯುವಂತಿಲ್ಲ. ಹೊಣೆಗಾರಿಕೆಯ ಪ್ರಸಿದ್ಧ ಹದೀಸ್‌ನಲ್ಲಿ ಪತಿಯ ಮನೆ ಮತ್ತು ಮಕ್ಕಳ ಮೇಲ್ವಿಚಾರಕಿಯೆಂದು ಹೆಸರಿಸಿರುವುದು ಸ್ತ್ರೀಯನ್ನು. ಆ ಹೊಣೆಯ ಬಗ್ಗೆ ಆಕೆಯನ್ನು ಪ್ರಶ್ನಿಸಲಾಗುವುದಾದರೆ, ಮಧ್ಯರಾತ್ರಿ ಮಗುವನ್ನೆತ್ತಿಕೊಂಡು ಹೊರಡುವ ಅಧಿಕಾರವೂ ಆಕೆಗಿರಲೇಬೇಕಲ್ಲವೇ? ಮಾವನೋ ಮೈದುನನೋ ಮಾಡಬೇಕಾದ ಕೆಲಸ ವಾಹನ ತರುವುದು, ಅನುಮತಿ ಕೊಡುವುದಲ್ಲ.

ಈಗ ನಾನು ಮೊದಲು ಕೇಳುವುದು "ಮಗು ಹಾಲು ಕುಡಿಯುತ್ತಿದೆಯೇ?" ಎಂದು. ಅಂಗಿ ಮೇಲೆತ್ತಿ ಉಸಿರು ನೋಡಿ, ಆಮೇಲೆ ಓದುತ್ತೇನೆ. ಉಸ್ತಾದರು ಡಾಕ್ಟರಾಗಿದ್ದಾರೆಂದು ಹಿರಿಯರೊಬ್ಬರು ನಕ್ಕರು, ನಗಲಿ. ಮೀಲಾದ್‌ಗೆ ದೀಪಾಲಂಕಾರ ಮಾಡುವ ಜಮಾಅತ್, ರಾತ್ರಿ ಕರೆದರೆ ಬರುವ ಒಬ್ಬ ಚಾಲಕನ ಸಂಖ್ಯೆಯನ್ನೂ ಬಾಡಿಗೆಗಾಗಿ ಸ್ವಲ್ಪ ಹಣವನ್ನೂ ಮಸೀದಿಯಲ್ಲಿಡಲಾರದೇ? ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ನಾನೇ ಎತ್ತಲಿದ್ದೇನೆ.