ಅಂಗಡಿ ಮುಂದೆ ಚೌಕದ ಚೀಟಿ, ಅಂಗಡಿ ಒಳಗೆ ನೋಟೀಸು

ಬಸ್‌ಸ್ಟ್ಯಾಂಡಿನ ಎದುರು ಯಾವ ಅಂಗಡಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಆ ಕಪ್ಪು-ಬಿಳಿ ಚೌಕದ ಚೀಟಿ. ಒಂದು ಕಪ್ ಟೀ ಕುಡಿದವನೂ ಅದರ ಮುಂದೆ ಫೋನು ಹಿಡಿಯುತ್ತಾನೆ. ಮೂಲೆಯಲ್ಲಿ ಕೂತ ಡಬ್ಬಿ ‘ಹಣ ಬಂತು’ ಅಂತ ಕೂಗುತ್ತದೆ. ಬಸ್ಸು ಹೊರಡುವುದರೊಳಗೆ ವ್ಯಾಪಾರ ಮುಗಿದಿರುತ್ತದೆ. ಚಿಲ್ಲರೆಯ ಜಗಳವಿಲ್ಲ, ಚಿಲ್ಲರೆಗೆ ಬದಲು ಚಾಕಲೇಟು ಕೊಡುವ ಕಾಟವಿಲ್ಲ.

ಈ ಚೀಟಿಯನ್ನು ಅಂಗಡಿಯವನು ಹುಡುಕಿಕೊಂಡು ಹೋಗಿ ತಂದದ್ದಲ್ಲ. ಯುಪಿಐ ಎಂಬ ಈ ಏರ್ಪಾಟು ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಕೈಯಲ್ಲಿ ಕಾಸಿಲ್ಲದ ಗಿರಾಕಿಯ ಮುಂದೆ ವ್ಯಾಪಾರಿ ಬಾಯಿ ಬಾಯಿ ಬಿಟ್ಟ. ‘ನಗದು ಬಿಡಿ, ಫೋನು ಹಿಡಿಯಿರಿ’ ಅಂತ ಸರಕಾರ ಡಂಗುರ ಹೊಡೆಯಿತು. 2020ರ ಜನವರಿಯಿಂದ ಕಮಿಷನ್ನೂ ಇಲ್ಲ ಅಂದಿತು. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸಣ್ಣ ವ್ಯಾಪಾರಿಗಳ ಯುಪಿಐ ವಹಿವಾಟಿನ ಉತ್ತೇಜನಕ್ಕೆಂದೇ 1,500 ಕೋಟಿ ರೂಪಾಯಿ ಮಂಜೂರು ಮಾಡಿತು.

ಹೀಗೆ ಬೆನ್ನು ತಟ್ಟಿ ನಾಲ್ಕು ತಿಂಗಳಾಗಿರಲಿಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಅಂಗಡಿಗಳಿಗೆ ಬಂದವು. ಇಲಾಖೆ ಪೇಮೆಂಟ್ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಲೆಕ್ಕ ತರಿಸಿತ್ತು. ಬೇಕರಿ, ಬೀಡಾ ಅಂಗಡಿ, ಟೀ ಅಂಗಡಿ, ತರಕಾರಿ ಅಂಗಡಿ ಎನ್ನದೆ ಸಾವಿರಾರು ಮಂದಿಗೆ ನೋಟೀಸು ಹೋಯಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದಲ್ಲಿ ಬಂದ 1 ಕೋಟಿ 63 ಲಕ್ಷಕ್ಕೆ 29 ಲಕ್ಷ ರೂಪಾಯಿ ತೆರಿಗೆಯ ನೋಟೀಸು ಬಂದ ಸುದ್ದಿ ನಾಡಿನ ತುಂಬಾ ಹಬ್ಬಿತು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 1 ಕೋಟಿ 63 ಲಕ್ಷ ಅಂದರೆ ಕೇಳುವವರ ಕಿವಿ ನಿಮಿರುತ್ತದೆ. ನಾಲ್ಕು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 11 ಸಾವಿರ. ಅದು ಮಾರಿದ ಹಣ, ಉಳಿದ ಹಣವಲ್ಲ. ಬೆಳಗಿನ ಜಾವ ಮಂಡಿಗೆ ಹೋಗಿ ಕೊಂಡ ಟೊಮೆಟೊದ ದುಡ್ಡು ಅದರಲ್ಲೇ ಇದೆ, ಕೊಳೆತು ಎಸೆದದ್ದೂ ಅದರಲ್ಲೇ ಇದೆ. ಇನ್ನೂ ದೊಡ್ಡ ತಮಾಷೆ ಏನೆಂದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬರೀ ತೆರಿಗೆ ಇಲ್ಲದ ಮಾಲು ಮಾರುವವನು ನೋಂದಣಿ ಮಾಡಿಸುವ ಅಗತ್ಯವೂ ಇಲ್ಲ ಅಂತ ಕಾನೂನೇ ಹೇಳುತ್ತದೆ. ಖಾತೆಗೆ ಎಷ್ಟು ಬಂತು ಅಂತ ಯಂತ್ರಕ್ಕೆ ಗೊತ್ತು. ಬಂದದ್ದು ಬದನೆಕಾಯಿಯ ದುಡ್ಡೋ, ಬಾವಮೈದ ತೀರಿಸಿದ ಕೈಸಾಲವೋ ಅದಕ್ಕೇನು ಗೊತ್ತು? ಅದನ್ನು ವಿಚಾರಿಸುವುದಕ್ಕೇ ಅಲ್ಲವೇ ಸಂಬಳ ಕೊಟ್ಟು ಅಧಿಕಾರಿಗಳನ್ನು ಇಟ್ಟಿರುವುದು?

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಚೌಕದ ಚೀಟಿ ಕಿತ್ತು ‘ಯುಪಿಐ ಇಲ್ಲ, ಕ್ಯಾಷ್ ಮಾತ್ರ’ ಎಂಬ ಬೋರ್ಡು ಎದ್ದವು. ಜುಲೈ 25ಕ್ಕೆ ಬಂದ್ ಕರೆ ಬಂತು. ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸಿದರು. ಕೇಂದ್ರದ ಮಂತ್ರಿಗಳು ‘ನೋಟೀಸು ಕೊಟ್ಟದ್ದು ನಿಮ್ಮ ಇಲಾಖೆಯೇ’ ಅಂದರು. ಇಬ್ಬರ ಜಗಳದಲ್ಲಿ ಬಡವಾದದ್ದು ಅಂಗಡಿಯ ಕೂಸು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಮಾತಾಡಿದರು. ಹಳೆ ಬಾಕಿ ವಸೂಲಿ ಇಲ್ಲ, ಹಾಲು-ತರಕಾರಿಯಂಥ ತೆರಿಗೆ ಇಲ್ಲದ ಮಾಲಿನವರಿಗೆ ತೊಂದರೆ ಇಲ್ಲ, ಉಳಿದವರು ನೋಂದಣಿ ಮಾಡಿಸಲೇಬೇಕು ಅಂದರು. ಬಂದ್ ನಿಂತಿತು.

ಬಂದ್ ನಿಂತಿತು ಅಂದ ಮಾತ್ರಕ್ಕೆ ಪ್ರಶ್ನೆ ನಿಲ್ಲಲಿಲ್ಲ.

ಇಲಾಖೆಯ ಪರವಾಗಿಯೂ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಒಂದೇ ಬೀದಿಯಲ್ಲಿ ಒಬ್ಬ ನೋಂದಣಿ ಮಾಡಿಸಿ, ಲೆಕ್ಕ ಬರೆದು, ತೆರಿಗೆ ಕಟ್ಟುತ್ತಾನೆ. ಎದುರಿನವನು ಅವನಷ್ಟೇ ವ್ಯಾಪಾರ ಮಾಡಿ ಒಂದು ಕಾಸೂ ಕಟ್ಟುವುದಿಲ್ಲ. ಮೊದಲನೆಯವನು ಪೆದ್ದನೇ? ತೆರಿಗೆ ಎಲ್ಲರಿಗೂ ಒಂದೇ ಆಗಬೇಕು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಅನ್ನುವುದು ಗುಟ್ಟಿನ ಕಾನೂನೂ ಅಲ್ಲ. ಸಾಮಾನಿನ 40 ಲಕ್ಷದ ಮಿತಿ 2019ರ ಏಪ್ರಿಲ್‌ನಿಂದಲೂ ಇದೆ.

ಆದರೆ ಗುಟ್ಟಲ್ಲ ಅನ್ನುವುದು ಬೇರೆ, ತಿಳಿಸಿದರು ಅನ್ನುವುದು ಬೇರೆ. ಚೀಟಿ ಅಂಟಿಸಲು ಬಂದ ಹುಡುಗ ಅಂಗಡಿಯ ಬಾಗಿಲಿಗೇ ಬಂದ. ಕಾನೂನು ಹೇಳಲು ಯಾರು ಬಂದರು?

ನಿಜವಾದ ಅನ್ಯಾಯ ಇರುವುದು ಇಲ್ಲೇ. ಸಣ್ಣ ವ್ಯಾಪಾರಿಗೆಂದು ಕಾನೂನಿನಲ್ಲಿ ಒಂದು ಸುಲಭದ ಬಾಗಿಲಿದೆ. ಅದಕ್ಕೆ ಕಾಂಪೋಸಿಷನ್ ಸ್ಕೀಮ್ ಅಂತ ಹೆಸರು. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವ್ಯಾಪಾರ ಇರುವ ಅಂಗಡಿಯವನು ತೆರಿಗೆಯುಳ್ಳ ಮಾಲಿನ ಮೇಲೆ ನೂರಕ್ಕೆ ಒಂದು ರೂಪಾಯಿ ಕಟ್ಟಿದರೆ ಮುಗಿಯಿತು. ಹೋಟೆಲಿನವನಿಗೆ ನೂರಕ್ಕೆ ಐದು. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ತನ್ನ ಲಾಭದಲ್ಲೇ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ಹಣ, ವರ್ಷಕ್ಕೊಂದು ರಿಟರ್ನು. ಆದರೆ ಈ ಬಾಗಿಲು ಮುಂಚೆಯೇ ನೋಂದಣಿ ಮಾಡಿಸಿದವನಿಗೆ ಮಾತ್ರ ತೆರೆಯುತ್ತದೆ. ಕಳೆದುಹೋದ ವರ್ಷಗಳಿಗೆ ಅದು ಮುಚ್ಚಿದ ಬಾಗಿಲು.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 50 ಲಕ್ಷದ ಮಾಲು, ತೆರಿಗೆ ದರ ಶೇಕಡ 18 ಅಂತ ಇಟ್ಟುಕೊಳ್ಳಿ. ಸ್ಕೀಮು ತಿಳಿದಿದ್ದವನಿಗೆ 50 ಸಾವಿರ. ತಿಳಿಯದವನಿಗೆ 9 ಲಕ್ಷ, ಮೇಲೆ ಬಡ್ಡಿ, ದಂಡ. ಅಂಗಡಿ ಅದೇ, ಮಾಲು ಅದೇ, ದುಡಿಮೆ ಅದೇ. ಇಬ್ಬರ ನಡುವೆ ವ್ಯತ್ಯಾಸ ಒಂದೇ ಒಂದು ತಿಳಿವಳಿಕೆ. ಆ ಒಂದು ಮಾತನ್ನು ನಾಲ್ಕು ವರ್ಷ ಮೊದಲು ಹೇಳಿದ್ದರೆ ಖಜಾನೆಗೆ ವರ್ಷ ವರ್ಷವೂ ಒಂದಿಷ್ಟು ಬರುತ್ತಿತ್ತು, ವ್ಯಾಪಾರಿಗೆ ನಿದ್ದೆಯೂ ಬರುತ್ತಿತ್ತು. ಈಗ ನೋಡಿದರೆ ಹಳೆ ಬಾಕಿಯೂ ಹೋಯಿತು, ಜನರ ನಂಬಿಕೆಯೂ ಹೋಯಿತು. ನೋಟೀಸು ಕೊಟ್ಟ ಮೇಲೆ ತಿಳಿವಳಿಕೆ ಶಿಬಿರ ಮಾಡುವುದು ಮಳೆ ನಿಂತ ಮೇಲೆ ಕೊಡೆ ಹಂಚಿದ ಹಾಗೆ.

ಚೀಟಿ ಕಿತ್ತುಹಾಕಿದ ವ್ಯಾಪಾರಿಗಳಿಗೂ ಒಂದು ಮಾತು. ನಗದಿಗೆ ಹೋದರೆ ಬಚಾವು ಅನ್ನುವುದು ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ. ಕಾನೂನು ಕೇಳುವುದು ಒಟ್ಟು ವ್ಯಾಪಾರ ಎಷ್ಟು ಅಂತ, ಫೋನಿನಲ್ಲಿ ಎಷ್ಟು ಅಂತ ಅಲ್ಲ. ಅಷ್ಟಲ್ಲದೆ ಜೇಬಿನಲ್ಲಿ ಫೋನು ಮಾತ್ರ ಇಟ್ಟುಕೊಂಡು ಬರುವ ಪ್ರಯಾಣಿಕ ಬೋರ್ಡು ನೋಡಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಮತ್ತೆ ಅದೇ ಚಿಲ್ಲರೆ ಗೋಳು, ಟಿಕೆಟ್ಟಿನ ಬೆನ್ನಿಗೆ ಕಂಡಕ್ಟರು ಬರೆದುಕೊಟ್ಟ ಬಾಕಿ ಇಸಕೊಳ್ಳಲು ಇಳಿಯುವಾಗ ನೂಕಾಟ.

ಅದರ ಬದಲು ಅಂಗಡಿಯವರು ಮೂರು ಕೆಲಸ ಮಾಡಲಿ. ಅಂಗಡಿಗೇ ಬೇರೆ ಬ್ಯಾಂಕ್ ಖಾತೆ ಇರಲಿ, ಮನೆಯ ದುಡ್ಡು, ಚೀಟಿ ದುಡ್ಡು ಅದಕ್ಕೆ ಬೆರೆಯದಿರಲಿ. ಪುಸ್ತಕದಲ್ಲಿ ಎರಡು ಕಾಲಂ ಇರಲಿ, ತೆರಿಗೆ ಇಲ್ಲದ ಹಾಲು ತರಕಾರಿ ಒಂದು ಕಡೆ, ತೆರಿಗೆ ಇರುವ ಸೋಪು ಬಿಸ್ಕತ್ತು ಇನ್ನೊಂದು ಕಡೆ. ಎರಡೂ ಬಗೆಯ ಮಾಲು ಇಟ್ಟವನಿಗೆ 40 ಲಕ್ಷದ ಮಿತಿ ನೋಡುವಾಗ ಎರಡನ್ನೂ ಕೂಡಿಸುತ್ತಾರೆ, ತೆರಿಗೆ ಮಾತ್ರ ಎರಡನೆಯದಕ್ಕೆ. ಮೂರನೆಯದು, ದಿನದ ವ್ಯಾಪಾರ ಸುಮಾರು 11 ಸಾವಿರದ ಹತ್ತಿರ ಬಂತೆಂದರೆ ಹೆದರಿ ಓಡುವ ಬದಲು ನೋಂದಣಿಗೆ ಅರ್ಜಿ ಹಾಕಲಿ.

ಇಲಾಖೆ ಮಾಡಬೇಕಾದದ್ದು ಒಂದೇ. ನಾಲ್ಕು ವರ್ಷ ಹಿಂದಕ್ಕೆ ನೋಡಬಲ್ಲ ಕಂಪ್ಯೂಟರಿಗೆ ನಾಲ್ಕು ತಿಂಗಳು ಮುಂದಕ್ಕೆ ನೋಡಲು ಬರುವುದಿಲ್ಲವೇ? ಖಾತೆಗೆ 30 ಲಕ್ಷ ಬಂದ ದಿನವೇ ಆ ವ್ಯಾಪಾರಿಗೆ ಕನ್ನಡದಲ್ಲಿ ಒಂದು ಕಾಗದ ಹೋಗಲಿ: ‘ಸ್ವಾಮಿ, ಮಿತಿ ಹತ್ತಿರ ಬರುತ್ತಿದೆ, ಸುಲಭದ ಸ್ಕೀಮು ಇದೆ, ಬಂದು ಕೇಳಿಕೊಂಡು ಹೋಗಿ.’ ಹಾಗೆ ಹೇಳಿದ ಮೇಲೂ ಕಟ್ಟದವನಿಗೆ ನೋಟೀಸು ಕೊಡಲಿ, ಯಾರೂ ಬೇಡ ಅನ್ನುವುದಿಲ್ಲ.

ಮೊದಲು ಕಾಗದ, ಆಮೇಲೆ ನೋಟೀಸು. ಇಷ್ಟು ಮಾಡಿದರೆ ಕಿತ್ತ ಚೀಟಿ ತಾನಾಗಿ ಗೋಡೆಗೆ ಬರುತ್ತದೆ.