ಮೊದಲು ದೀಪ, ಆಮೇಲೆ ಪಂಕ್ಚರ್ ಕಿಟ್

ಶನಿವಾರ, ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಹೊರಡುವ ಸೈಕಲ್‌ಗಳ ಸೀಟಿನ ಕೆಳಗೆ ಸಾಮಾನ್ಯವಾಗಿ ಒಂದು ಪುಟ್ಟ ಚೀಲ ಇರುತ್ತದೆ. ಒಳಗೆ ಹೆಚ್ಚುವರಿ ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪ್ಯಾಚ್, ಸೊಲ್ಯೂಷನ್, ಅಲೆನ್ ಕೀ. ಫ್ರೇಮಿಗೆ ಸಿಕ್ಕಿಸಿದ ಕೈಪಂಪು. ಇವೆಲ್ಲ ಬೇಕಾದವೇ. ರೋಡ್ ಬೈಕಿನ ಸಪೂರ ಟೈರಿಗೆ ಹೊಂದುವ ಟ್ಯೂಬ್ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಅಪರೂಪ. ಅದರ ಪ್ರೆಸ್ಟಾ ವಾಲ್ವಿಗೆ ಅಂಗಡಿಯ ಕಂಪ್ರೆಸರ್ ಮೂತಿ ನೇರವಾಗಿ ಕೂರದು, ನಡುವೆ ಚಿಕ್ಕದೊಂದು ಅಡಾಪ್ಟರ್ ಬೇಕು. ಆದರೆ ಈ ಪಟ್ಟಿ ಯಾವುದರಿಂದ ತೊಂದರೆ ಹೆಚ್ಚು ಎಂಬ ಲೆಕ್ಕದಲ್ಲಿ ಬೆಳೆದದ್ದೇ ಹೊರತು ಯಾವುದರಿಂದ ಜೀವಕ್ಕೆ ಕುತ್ತು ಎಂಬ ಲೆಕ್ಕದಲ್ಲಿ ಅಲ್ಲ. ಪಂಕ್ಚರ್ ಆದರೆ ಹೋಗುವುದು ಅರ್ಧ ಗಂಟೆ. ಹಿಂದಿನಿಂದ ಬರುವ ಲಾರಿಗೆ ಕಾಣದೆ ಹೋದರೆ ಹೋಗುವುದು ಪ್ರಾಣ. ಆದ್ದರಿಂದ ಸವಾರರು ಒಯ್ಯುವ ವಸ್ತುಗಳಲ್ಲಿ ಮೊದಲ ಸ್ಥಾನ ಹಿಂಬದಿಯ ಕೆಂಪು ದೀಪಕ್ಕೆ ಸಿಗಬೇಕು ಮತ್ತು ಅದು ಹಗಲಲ್ಲೂ ಉರಿಯಬೇಕು ಎಂಬುದು ನನ್ನ ವಾದ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 1.68 ಲಕ್ಷ ಮಂದಿ. ಅವರಲ್ಲಿ ಸೈಕಲ್ ಸವಾರರೇ ನಾಲ್ಕು ಸಾವಿರಕ್ಕೂ ಹೆಚ್ಚು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ನೋಡಿ, ಗುರುತಿಸಿ, ಬ್ರೇಕ್ ಒತ್ತಿ ಗಾಡಿ ನಿಲ್ಲುವ ಹೊತ್ತಿಗೆ, ಒಣ ರಸ್ತೆಯಲ್ಲೂ ಸುಮಾರು 70 ಮೀಟರ್ ದಾಟಿರುತ್ತದೆ. ಲೋ ಬೀಮ್ ಬೆಳಕಿನಲ್ಲಿ ಕಡುಬಣ್ಣದ ಬಟ್ಟೆ ತೊಟ್ಟ ಸವಾರ ಅಷ್ಟು ದೂರದಿಂದ ಕಾಣುವುದು ಕಷ್ಟ. ರಿಫ್ಲೆಕ್ಟರ್ ಇದೆಯಲ್ಲ ಎಂದರೆ, ಅದು ತಾನಾಗಿ ಬೆಳಗುವ ವಸ್ತುವಲ್ಲ. ಹೆಡ್‌ಲೈಟ್ ಅದರ ಮೇಲೆ ಬಿದ್ದರಷ್ಟೇ ಹೊಳೆಯುತ್ತದೆ; ದೂಳು ಕೂತರೆ ಮಂಕಾಗುತ್ತದೆ. ಚಳಿಗಾಲದಲ್ಲಿ ದೇವನಹಳ್ಳಿಯ ಆಚೆ ಮಂಜು ಕವಿದ ಬೆಳಗಿನಲ್ಲಿ ದೀಪವಿಲ್ಲದ ಸವಾರ ಮಸುಕು ನೆರಳಷ್ಟೇ.

ಹಗಲಲ್ಲೂ ದೀಪ ಯಾಕೆ ಎಂದು ಕೇಳುವವರಿಗೆ ಡೆನ್ಮಾರ್ಕಿನ ಓಡೆನ್ಸೆ ನಗರದ ಪ್ರಯೋಗ ಉತ್ತರ ಕೊಡುತ್ತದೆ. 2004-05ರಲ್ಲಿ ಅಲ್ಲಿ ಸುಮಾರು ನಾಲ್ಕು ಸಾವಿರ ಸವಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಸೈಕಲ್‌ಗಳಿಗೆ ಸದಾ ಉರಿಯುವ ದೀಪ ಅಳವಡಿಸಲಾಯಿತು. ಸವಾರರು ಗಾಯಗೊಂಡ ಅಪಘಾತಗಳು ಆ ಗುಂಪಿನಲ್ಲಿ ಶೇ 19ರಷ್ಟು ಕಡಿಮೆ ಇದ್ದವು. ಅಪಘಾತಗಳನ್ನು ಸವಾರರೇ ವರದಿ ಮಾಡಿದ್ದರಿಂದ ಅಂಕಿಯಲ್ಲಿ ಸ್ವಲ್ಪ ಏರುಪೇರು ಇರಬಹುದು. ಆದರೂ ಕಡೆಗಣಿಸುವಷ್ಟು ಚಿಕ್ಕ ಅಂತರ ಅದಲ್ಲ. 200 ಕಿಲೋಮೀಟರಿನಿಂದ ಶುರುವಾಗುವ, ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ರಾತ್ರಿ ದೀಪ ಮತ್ತು ಹೊಳೆಯುವ ಜಾಕೆಟ್ ಇಲ್ಲದವರಿಗೆ ರಸ್ತೆಗಿಳಿಯಲು ಅವಕಾಶವಿಲ್ಲ. ದೂರದ ಹಾದಿಯ ಅನುಭವ ಕಲಿಸಿದ ಈ ಶಿಸ್ತು ವಾರಾಂತ್ಯದ ಸವಾರಿಗೂ ಬರಬೇಕು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ: ಗುದ್ದುವವನು ವೇಗದ ಚಾಲಕ, ಸೈಕಲ್ ಪಥ ಮಾಡದಿರುವುದು ಸರ್ಕಾರ, ಹೊಣೆಯನ್ನು ಮಾತ್ರ ಪೆಟ್ಟು ತಿನ್ನುವವನ ಮೇಲೆ ಹೊರಿಸುವುದೇ? ಈ ಮಾತಿನಲ್ಲಿ ನ್ಯಾಯವಿದೆ. ಮೊಬೈಲ್ ನೋಡುತ್ತ ಓಡಿಸುವವನ ಎದುರು ಯಾವ ದೀಪವೂ ಸಾಲದು. ವೇಗಕ್ಕೆ ಕಡಿವಾಣ, ಪ್ರತ್ಯೇಕ ಪಥ ಬೇಕೇ ಬೇಕು. ಆದರೆ ದೀಪ ಹಾಕಿಕೊಂಡ ಸವಾರ ಚಾಲಕನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುವುದಿಲ್ಲ. ‘ಕಾಣಿಸಲೇ ಇಲ್ಲ’ ಎಂಬ ಚಾಲಕನ ಸಬೂಬನ್ನು ಆತ ಕಿತ್ತುಕೊಳ್ಳುತ್ತಾನೆ. ಪಥ ಆಗಲು ವರ್ಷಗಳು ಬೇಕು, ನಾಳೆ ಬೆಳಗಿನ ಸವಾರಿ ಅಷ್ಟು ಕಾಯದು. ಇನ್ನು ಭಾರದ ಮಾತು: ಟೈಲ್ ಲೈಟಿನ ತೂಕ ಒಂದು ಟ್ಯೂಬಿಗಿಂತ ಹೆಚ್ಚಿರಬೇಕಿಲ್ಲ. ಪಂಕ್ಚರ್ ಕಿಟ್ ಮನೆಯಲ್ಲಿ ಬಿಡಿ ಎಂದೂ ನಾನು ಹೇಳುತ್ತಿಲ್ಲ. ಬೇಗ ರಿಪೇರಿ ಮಾಡಿ ಹೊರಟರೆ ಹೆದ್ದಾರಿ ಬದಿಯಲ್ಲಿ ನಿಲ್ಲುವ ಹೊತ್ತೂ ಕಡಿಮೆ.

ದುಬಾರಿ ಸೈಕಲ್ ಕೊಂಡವರು ದೀಪವನ್ನೂ ಕೊಳ್ಳಬಲ್ಲರು. ಕತ್ತಲಿರುವಾಗಲೇ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ಹಾಲಿನವರು, ಪಾಳಿ ಮುಗಿಸಿ ರಾತ್ರಿ ಮರಳುವ ಕಾರ್ಮಿಕರು, ಸಂಜೆ ಊರಿಗೆ ಹಿಂದಿರುಗುವ ಶಾಲಾ ಮಕ್ಕಳು ಓಡಾಡುವುದೂ ಅದೇ ರಸ್ತೆಗಳಲ್ಲಿ. ದೀಪ ಪ್ರತ್ಯೇಕವಾಗಿ ಕೊಳ್ಳಬೇಕಾದ ವಸ್ತುವಾಗಿರುವವರೆಗೆ ಅದು ಅವರ ಸೈಕಲ್ಲಿಗೆ ಬರುವುದಿಲ್ಲ. ಹಿಂದೆ ನಮ್ಮ ಸೈಕಲ್‌ಗಳಲ್ಲಿ ಡೈನಮೊ ಇರುತ್ತಿತ್ತು, ದೀಪವಿಲ್ಲದೆ ರಾತ್ರಿ ಹೊರಟರೆ ಪೊಲೀಸರು ಹಿಡಿಯುತ್ತಿದ್ದರು. ಹಿಡಿಯುವ ಕಾಲ ಮರಳುವುದು ಬೇಡ, ಅದರ ಪೆಟ್ಟು ಬೀಳುವುದು ಬಡವನಿಗೇ. ದೀಪ ಮಾತ್ರ ಮರಳಲಿ. ಓಡೆನ್ಸೆಯ ದೀಪಗಳಿಗೆ ಬ್ಯಾಟರಿಯೂ ಬೇಕಿರಲಿಲ್ಲ. ಚಕ್ರದ ಕಡ್ಡಿಗೆ ಕಟ್ಟಿದ ಅಯಸ್ಕಾಂತ ತಿರುಗಿದರೆ ಉರಿಯುತ್ತಿದ್ದವು. ಬ್ರೇಕಿಲ್ಲದ ಸೈಕಲನ್ನು ಅಂಗಡಿಯವರು ಮಾರುವುದಿಲ್ಲ. ದೀಪವಿಲ್ಲದ್ದನ್ನೂ ಮಾರದಂತೆ ನಿಯಮ ಬರಲಿ. 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ ರಾಜ್ಯ ಸರ್ಕಾರ, ಮತ್ತೆ ಹಂಚುವುದಾದರೆ ದೀಪ ಸಮೇತ ಹಂಚಲಿ. ಅಲ್ಲಿಯವರೆಗೆ ಸೈಕಲ್ ಕ್ಲಬ್‌ಗಳು ಒಂದು ಕೆಲಸವನ್ನು ಈ ವಾರವೇ ಮಾಡಬಹುದು: ಹಿಂದಿನ ದೀಪ ಉರಿಯದ ಸೈಕಲ್ ಗುಂಪಿನೊಡನೆ ಹೊರಡಕೂಡದು ಎಂದು ತೀರ್ಮಾನಿಸುವುದು.