28 ದಿನದ ತಿಂಗಳು

ಪಂಚಾಂಗದ ತಿಂಗಳಿಗೆ 30 ದಿನ. ಮೊಬೈಲ್ ಕಂಪನಿಯ ತಿಂಗಳಿಗೆ 28. ಹೀಗಾಗಿ ಬಡವನ ವರ್ಷಕ್ಕೆ 13 ತಿಂಗಳು! 1951ರಲ್ಲಿ ಕಾಗೋಡಿನ ಗೇಣಿದಾರರು ಸೆರೆಮನೆಗೆ ಹೋದದ್ದು ಧಣಿಯ ಕೊಳಗ ದೊಡ್ಡದಾಯಿತೆಂದು. ಇಂದಿನ ಧಣಿಗಳು ಕೊಳಗವನ್ನು ಹಿಗ್ಗಿಸುವುದಿಲ್ಲ, ತಿಂಗಳನ್ನೇ ಕುಗ್ಗಿಸುತ್ತಾರೆ. 30 ದಿನದ ಪ್ಲಾನ್ ಒಂದನ್ನಾದರೂ ಇಡಿರೆಂದು ಟ್ರಾಯ್ 2022ರಲ್ಲಿ ಆಜ್ಞೆ ಮಾಡಿತು. ಒಂದನ್ನು ಇಟ್ಟರು, 28ರ ಅಂಗಡಿ ಮುಚ್ಚಲಿಲ್ಲ.

2024ರ ಜುಲೈಯಲ್ಲಿ ಮೂರು ದೊಡ್ಡ ಕಂಪನಿಗಳೂ ಎರಡು ದಿನಗಳ ಅಂತರದಲ್ಲಿ ದರ ಏರಿಸಿದವು. ಜಿಯೋದ 239 ರೂಪಾಯಿಯ ಪ್ಯಾಕ್ 299 ಆಯಿತು. 13 ಸಲ ಕರೆನ್ಸಿ ಹಾಕಿಸಿದರೆ 3,887 ರೂಪಾಯಿ. ಅದೂ ಒಂದೇ ಫೋನಿಗೆ. ತಾಯಿ ಆ ಫೋನ್ ಹಿಡಿದು ಕೂಲಿಗೆ ಹೋದರೆ ಮಕ್ಕಳ ಪಾಠವೂ ಅವಳೊಡನೆ ಹೋಯಿತು. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಮಂತ್ರಿಗಳು ಮರೆತಿರಬಹುದು, ನಾವು ಮರೆತಿಲ್ಲ. ಬೇಕಾಗಿರುವುದು ಮನೆಗೊಂದು ಲೈನು, ಮನೆಮಂದಿಗೆಲ್ಲ ಸಾಲುವಂಥದು.

ಹಣವಿಲ್ಲವೇ? ಹಳ್ಳಿಗೆ ಸಂಪರ್ಕ ಒದಗಿಸಲೆಂದೇ 2002ರಲ್ಲಿ ಒಂದು ನಿಧಿ ಮಾಡಿದರು. ಕಂಪನಿಗಳು ವರಮಾನದ ಶೇ. 5ರಷ್ಟನ್ನು ಅದಕ್ಕೆ ಕಟ್ಟಬೇಕು. ಕಟ್ಟುವುದು ನಮ್ಮಿಂದ ವಸೂಲು ಮಾಡಿದ್ದನ್ನೇ. 2023ರ ಕಾಯಿದೆಯಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ನಾಮಕರಣವಾಯಿತು. (ಹೆಸರಿಡುವುದರಲ್ಲಿ ದೆಹಲಿಗೆ ಎಂದೂ ಆಲಸ್ಯವಿಲ್ಲ.) ಈ ಹಣದಿಂದ 2011ರಲ್ಲಿ ಹೊರಟ ಫೈಬರ್, 2015ರಲ್ಲಿ ಭಾರತ್‌ನೆಟ್ ಎನ್ನಿಸಿಕೊಂಡು, ಪಂಚಾಯಿತಿ ಕಚೇರಿಯ ಗೋಡೆಗೆ ಬಂದು ನಿಂತಿತು. ಅಲ್ಲಿಂದ ಕೂಲಿಕಾರನ ಮನೆಗೆ ಇನ್ನೂರು ಗಜ. ಆ ಇನ್ನೂರು ಗಜವನ್ನು ವ್ಯಾಪಾರಿಗೆ ಬಿಟ್ಟಿದ್ದಾರೆ. ಲಾಭವಿಲ್ಲದ ಕೇರಿಗೆ ಅವನೇಕೆ ಬಂದಾನು? ಹಳ್ಳಿಯ ಮನೆಗಳ ಬಿಲ್ಲಿನಲ್ಲಿ ಅರ್ಧವನ್ನು, 200 ರೂಪಾಯಿವರೆಗೆ, ಸರ್ಕಾರ ಕೊಟ್ಟು ನೋಡಲೆಂದು 2021ರಲ್ಲಿ ಟ್ರಾಯ್ ತಾನೇ ಶಿಫಾರಸು ಮಾಡಿತ್ತು. ಆ 200 ರೂಪಾಯಿ ನಮ್ಮ ಜಿಲ್ಲೆಯ ಯಾವ ಮನೆಗೆ ಬಂದಿದೆ, ತೋರಿಸಲಿ!

ಇದು ಆಗದ ಮಾತು ಎನ್ನುವ ಮಹನೀಯರು ನೆರೆಯ ಕೇರಳವನ್ನು ನೋಡಬೇಕು. ಅಲ್ಲಿಯ ಸರ್ಕಾರ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ತನ್ನದೇ ಕೇಬಲ್ ಎಳೆದು, 2023ರ ಜೂನ್‌ನಲ್ಲಿ ಕೆ-ಫೋನ್ ಆರಂಭಿಸಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತವೆಂದು ಮಾತು ಕೊಟ್ಟಿತು. ಮೊದಲ ಕಂತು 14,000 ಮನೆ, ಕ್ಷೇತ್ರಕ್ಕೆ ನೂರು. ಕೆಲಸ ಆಮೆಯ ನಡಿಗೆಯದು, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಹೊಣೆ ಸರ್ಕಾರದ್ದೆಂದು ಅಲ್ಲಿ ಒಪ್ಪಿಕೊಂಡರು. ಇಲ್ಲಿ ಅಷ್ಟೂ ಇಲ್ಲ.

ನಮ್ಮಲ್ಲಿ ಕಂಬಗಳಿಲ್ಲವೇ? ಭಾಗ್ಯಜ್ಯೋತಿಯ ದೀಪ ಗುಡಿಸಲಿಗೆ ಹೋದದ್ದು ಯಾವ ಕಂಬದಿಂದಲೋ, ಈ ಲೈನೂ ಅದರಿಂದಲೇ ಹೋಗಲಿ. ಮುಂದಿನ ಗ್ರಾಮಸಭೆಯಲ್ಲಿ ಸಂಗಾತಿಗಳು ಅಧ್ಯಕ್ಷರನ್ನು ಎದ್ದುನಿಂತು ಕೇಳಬೇಕು: ಕಚೇರಿಗೆ ಬಂದ ಫೈಬರ್ ಎಷ್ಟು ಮನೆಗೆ ಹೋಗಿದೆ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ನಕಲನ್ನು ನಮಗೆ ಕಳಿಸಿರಿ. ಊರಿನ ಹೆಸರು ಸಮೇತ ಅಚ್ಚು ಹಾಕುತ್ತೇವೆ.